ದಾರಂದದ ಮೇಲಿನ ಹದಿನೆಂಟು

ಮೊನ್ನೆ ನನ್ನ ಫೋನು ನನಗೆ ಹದಿನೆಂಟು ತುಂಬಿದೆಯೇ ಎಂದು ಕೇಳಿತು. ಹೊತ್ತು ಹೋಗಲಿ ಎಂದು ರಮ್ಮಿ ತೆರೆದಿದ್ದೆ. ಬಾಯಲ್ಲಿರುವ ಒಂದು ಹಲ್ಲೂ ನನ್ನ ಸ್ವಂತದ್ದಲ್ಲ. ಅಂಥವನನ್ನು ಹಿಡಿದು, ಹೌದು ಅಥವಾ ಇಲ್ಲ ಒತ್ತಿ ಅನ್ನುತ್ತದೆ. 'ಇಲ್ಲ' ಒತ್ತಿದೆ. ಆಟ ಮುಚ್ಚಿಕೊಂಡಿತು. ಮತ್ತೆ ತೆರೆದು 'ಹೌದು' ಒತ್ತಿದೆ. ಬನ್ನಿ ಬನ್ನಿ ಎಂದು ಎಲೆ ಹಂಚಿತು. ಅರೆಗಳಿಗೆಯ ಹಿಂದೆ ಹದಿನೆಂಟಾಗದವನು ಈಗ ಹೇಗೆ ಆದ ಎಂದು ಕೇಳುವ ಬುದ್ಧಿ ಅದಕ್ಕಿಲ್ಲ. ಇದನ್ನು ಮಾಡಿದ ಮಹಾನುಭಾವ ಒಂದೇ ಒಂದು ದಿನ ಬ್ರಹ್ಮಾವರ–ಬೈಂದೂರು ಬಸ್ಸಿನಲ್ಲಿ ಕಂಡಕ್ಟರಾಗಿದ್ದರೆ ಈ ದಡ್ಡತನ ಮಾಡುತ್ತಿರಲಿಲ್ಲ. ವಯಸ್ಸನ್ನು ಯಾರ ಹತ್ತಿರವೂ ಕೇಳಬಾರದು. ನೋಡಿ ಹೇಳಬೇಕು.

ನಾನು ನೋಡಿ ಹೇಳುತ್ತಿದ್ದೆ. ಜಂಬ ಅಂದುಕೊಳ್ಳಿ, ನನಗೇನು. ನಮ್ಮದು ಖಾಸಗಿ ಬಸ್ಸು. ಬಾಗಿಲ ಪಕ್ಕದ ಕಂಬಿಯ ಮೇಲೆ ನಾನೇ ಕೆಂಪು ಬಣ್ಣದಲ್ಲಿ ಎರಡು ಗೀಟು ಎಳೆದಿದ್ದೆ. ಕೆಳಗಿನ ಗೀಟಿಗಿಂತ ಗಿಡ್ಡ ಇದ್ದ ಮಗುವಿಗೆ ಟಿಕೆಟ್ಟಿಲ್ಲ. ಮೇಲಿನ ಗೀಟಿನವರೆಗೆ ಹಾಫ್ ಟಿಕೆಟ್. ಅದರಿಂದಾಚೆ ಫುಲ್. ದಾಖಲೆ, ಪುರಾವೆ, ಆಣೆ ಪ್ರಮಾಣ ಏನೂ ಬೇಡ. ಆದರೆ ನಮ್ಮ ಕಡೆಯ ತಾಯಂದಿರು ಕಡಿಮೆಯವರೇ? ಬಸ್ಸು ಹತ್ತುವಾಗಲೇ ಮಗುವಿನ ನೆತ್ತಿಗೆ ಕೈ ಇಟ್ಟು ಒತ್ತುತ್ತಿದ್ದರು. ಮಗು ಮಂಡಿ ಮಡಚಿ ಬಾತುಕೋಳಿಯ ಹಾಗೆ ಒಳಗೆ ಬರುತ್ತಿತ್ತು.

"ಇವ್ನಿಗೆ ಇನ್ನೂ ಮೂರ್ ತುಂಬ್ಲಿಲ್ಲೆ ಕಂಡಕ್ಟ್ರೇ. ಕಾಂಬುಕೆ ಮಾತ್ರ ದೊಡ್ಡ."

"ಹೌದಾ? ಎಂತ ಮಗಾ, ನೀನ್ ಎಷ್ಟ್‌ನೇ ಕ್ಲಾಸ್?"

"ಎರಡ್ನೇ ಕ್ಲಾಸ್!" ಮಕ್ಕಳಿಗೆ ಇನ್ನೂ ಸುಳ್ಳು ಹೇಳಿಕೊಟ್ಟಿರುವುದಿಲ್ಲ ನೋಡಿ.

"ಮೂರ್ ತುಂಬುಕ್ ಮುಂಚೆ ಎರಡ್ನೇ ಕ್ಲಾಸಾ! ಇಂವ ಮುಂದೆ ಕಲೆಕ್ಟ್ರ್ ಆತ ಅಮ್ಮ. ಕಲೆಕ್ಟ್ರಿಗೆ ಹಾಫ್ ಟಿಕೆಟ್ ಆದ್ರೂ ಬ್ಯಾಡ್ದಾ?"

ಇಡೀ ಬಸ್ಸು ನಗುತ್ತಿತ್ತು. ಆ ಅಮ್ಮ ಮಾತ್ರ ಇಳಿಯುವವರೆಗೆ ನನ್ನ ಮುಖ ನೋಡುತ್ತಿರಲಿಲ್ಲ.

ತೊಂಬತ್ತೇಳರಲ್ಲಿ ಬಸ್ಸಿನ ಧಣಿ ಬಸ್ಸನ್ನು ಮಾರಿಬಿಟ್ಟರು. ಹೊಸ ಧಣಿಗಳಿಗೆ ಮೀಸೆ ಚಿಗುರದ ಕಂಡಕ್ಟರು ಬೇಕಾಗಿತ್ತು. ನಾನು ಬ್ರಹ್ಮಾವರದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಹಿಡಿದು ವಿಡಿಯೋ ಗೇಮ್ ಅಂಗಡಿ ಇಟ್ಟೆ. ಮೊದಲು ಎರಡು ಟೀವಿ, ಕ್ಯಾಸೆಟ್ ತುರುಕುವ ಆಟ. ಐದಾರು ವರ್ಷದಲ್ಲಿ ನಾಲ್ಕು ಕಂಪ್ಯೂಟರ್ ಆದವು. ಶಾಲೆ ಬಿಟ್ಟ ಕೂಡಲೇ ಮಕ್ಕಳು ಚೀಲ ಬಿಸಾಡಿ ಬಂದು ಕೂರುತ್ತಿದ್ದರು. ಬಸ್ಸಿನಲ್ಲಿ ಬಾತುಕೋಳಿಯ ಹಾಗೆ ನಡೆದವರೇ ಎಷ್ಟೋ ಜನ ಅವರಲ್ಲಿದ್ದರು.

ಕೋಣೆ ನನ್ನ ಭಾವನದ್ದು. ಭಾವ ಎಂದರೆ ನನ್ನ ಅಕ್ಕನ ಗಂಡ. ಪಕ್ಕದಲ್ಲೇ ಅವರ ತೆಂಗಿನಕಾಯಿ ವ್ಯಾಪಾರ. ಮನುಷ್ಯ ಗಿಡ್ಡ, ಆದರೆ ಹೆಗಲು ಮಾತ್ರ ಎತ್ತಿನದ್ದು. ಊರಿನ ದೇವಸ್ಥಾನದ ಸಮಿತಿ, ಶಾಲೆಯ ಸಮಿತಿ, ಭಜನೆಯ ಸಮಿತಿ, ಎಲ್ಲದರಲ್ಲೂ ಅವರೇ ಅಧ್ಯಕ್ಷರು. ಇಬ್ಬರು ನಿಂತು ಮಾತಾಡುತ್ತಿದ್ದರೆ ಅಲ್ಲೂ ಹೋಗಿ ಅಧ್ಯಕ್ಷತೆ ವಹಿಸುವ ಜನ. ನನಗೂ ಅವರಿಗೂ ಭಾವ-ಭಾವಂದಿರ ಜಗಳ, ಅಂದರೆ ದಿನಾ ಊಟದಷ್ಟೇ ಬೇಕಾದದ್ದು. ಅವರಿಗೆ ಮೊಮ್ಮಗಳು ಒಬ್ಬಳಿದ್ದಳು. ಆರೋ ಏಳೋ ವರ್ಷ. ಅಜ್ಜನ ಅಂಗಡಿಯ ಕಾಯಿರಾಶಿಯ ಮೇಲೆ ಕೂತು, ನನ್ನ ಕಿಟಕಿಯ ಸರಳುಗಳ ನಡುವೆ ಮುಖ ಇಟ್ಟು, ಒಳಗಿನ ಆಟ ನೋಡುವುದೇ ಅವಳ ಕೆಲಸ. ನನ್ನನ್ನು 'ಕಂಡಕ್ಟ್ರಜ್ಜ' ಎಂದು ಕರೆಯುತ್ತಿದ್ದಳು.

ಒಮ್ಮೆ ನಾನು ಮುಂಬೈಯಿಂದ ಎರಡು ಅಸಲಿ ಸಿಡಿ ತರಿಸಿದೆ. ಒಂದರಲ್ಲಿ ಗಲ್ಲಿಯ ರೌಡಿಗಳು ಕತ್ತಿ ಹಿಡಿದು ಹೊಡೆದಾಡುತ್ತಾರೆ, ರಕ್ತ ಚಿಲ್ಲೆಂದು ಪರದೆಗೆ ಹಾರುತ್ತದೆ, ಸತ್ತು ಬಿದ್ದವನು ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ನಿಲ್ಲುತ್ತಾನೆ. ಅದರ ಡಬ್ಬಿಯ ಮೂಲೆಯಲ್ಲಿ ಒಂದು ಚೌಕ, ಚೌಕದೊಳಗೆ 18. ಇನ್ನೊಂದು ಇಸ್ಪೀಟು. ಬಾಜಿ ಕಟ್ಟುವುದು, ಚಕ್ರ ತಿರುಗಿಸುವುದು, ಗೆದ್ದರೆ ನಾಣ್ಯ ಸುರಿದ ಸದ್ದು. ಅದರ ಚೌಕದಲ್ಲಿ 3. ನನಗೆ ಆ ಅಂಕೆಗಳ ಕಡೆ ಗಮನವೇ ಇರಲಿಲ್ಲ. ಆದರೆ ಶಾಲೆಯ ಮೀಟಿಂಗಿನಲ್ಲಿ ಯಾರೋ ಒಬ್ಬ ಮಾಸ್ತರರು ಅದರ ಅರ್ಥ ಬಿಡಿಸಿ ಹೇಳಿದರಂತೆ. ಮರುದಿನವೇ ಭಾವ ಡಬ್ಬಿ ಹಿಡಿದು ನನ್ನ ಮುಂದೆ ನಿಂತರು.

"ಕಂಡಕ್ಟ್ರೇ, ಇದ್ರ ಮೇಲೆ ಹದ್ನೆಂಟ್ ಅಂತ್ ಎಂತಕ್ಕೆ ಬರ್ದಿತ್ತ್?"

"ಸೀಟ್ ಇರ್ಕ್ ಭಾವ. ಹದ್ನೆಂಟ್ ಸೀಟ್, ಮೂರ್ ಸ್ಟ್ಯಾಂಡಿಂಗ್."

"ತಮಾಷಿ ಬ್ಯಾಡ. ಹದ್ನೆಂಟ್ ವರ್ಷ ಆಗ್ದೇ ಒಂದ್ ಮಾಣಿನೂ ಇದ್ರ ಬಾಗ್ಲಿಗೆ ಬಪ್ಪುಕಾಗ. ಕತ್ತಿ, ರಕ್ತ ಕಂಡ್ರೆ ಮಕ್ಳ ಮನ್ಸ್ ಹಾಳಾತ್ತ್ ಅಂಬ್ರ್."

"ಮತ್ತೆ ಈ ಇಸ್ಪೀಟ್?"

"ಅದ್ರ ಮೇಲೆ ಮೂರ್ ಅಂತ್ ಇತ್ತಲೆ. ಅದ್ ಆತ್ತ್."

ಕೇಳಿದಿರಾ? ಮೂರು ವರ್ಷದ ಕೂಸಿಗೆ ಮೂಗು ಒರೆಸಿಕೊಳ್ಳಲು ಬರುವುದಿಲ್ಲ, ಬಾಜಿ ಕಟ್ಟಲು ಬರಬಹುದು. ಎಲ್ಲೋ ದೂರದೇಶದಲ್ಲಿ ಯಾರೋ ಟೈ ಕಟ್ಟಿಕೊಂಡವನು ಬರೆದದ್ದು, ಇಲ್ಲಿ ನನ್ನ ಭಾವನಿಗೆ ವೇದವಾಕ್ಯ. ಇದೇ ಭಾವ ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ತಮ್ಮ ಗದ್ದೆಯಲ್ಲಿ ಕೋಳಿ ಅಂಕ ಇಡಿಸುವವರು. ಹುಂಜದ ಕಾಲಿಗೆ ಕತ್ತಿ ಕಟ್ಟಿ ಬಿಡುವುದು, ಸುತ್ತ ನಿಂತು ಬಾಜಿ ಕೂಗುವುದು, ರಕ್ತ ಅಂಗಿಗೆ ಹಾರಿದರೆ ಪುಣ್ಯ ಬಂತೆಂದು ಒರೆಸದೆ ಮನೆಗೆ ಹೋಗುವುದು. ಕಾನೂನಿನಲ್ಲಿ ಅಂಕಕ್ಕೆ ಜಾಗವೇ ಇಲ್ಲ. ಆದರೆ ಅದಕ್ಕೆ ಯಾರೂ ಚೌಕ ಹಾಕಿ ಅಂಕೆ ಬರೆದಿಲ್ಲವಲ್ಲ, ಹಾಗಾಗಿ ಮಕ್ಕಳೇ ಮುಂದಿನ ಸಾಲಿನಲ್ಲಿ.

ಇದನ್ನು ಹೇಳಿದೆ. ಭಾವ ಬೆರಳೆತ್ತಿದರು. "ಅದ್ ಸಂಪ್ರದಾಯ. ಅದ್ ಬೇರೆ, ಇದ್ ಬೇರೆ. ಬರುವ ವಾರ ಸಮಿತಿಯವ್ರ್ ಬತ್ರ್. ವಯಸ್ಸ್ ಕಂಡ್ ಒಳ್ಗೆ ಬಿಡುಕ್ ನಿಂಗೆ ಆತ್ತಿಲ್ಲೆ ಅಂದ್ರೆ ಕೋಣೆ ಖಾಲಿ ಮಾಡ್."

ವಯಸ್ಸು ನೋಡಿ ಒಳಗೆ ಬಿಡಲು ನನಗೆ ಆಗುವುದಿಲ್ಲವಂತೆ! ಆ ಕೋಣೆ ಹೋದರೆ ನನಗೆ ಬೇರೆ ಗತಿ ಇರಲಿಲ್ಲ, ಅದು ನಿಜ. ಬಸ್ಸಿಗೆ ನಾನು ಬೇಡ, ಗದ್ದೆ ಕೆಲಸಕ್ಕೆ ನನ್ನ ಸೊಂಟ ಬೇಡ ಅನ್ನುತ್ತಿತ್ತು. ಆದರೆ ಅದಕ್ಕಿಂತ ಹೆಚ್ಚು ಉರಿದದ್ದು ಆ ಮಾತು. ಕೆಂಪು ಬಣ್ಣ ತಂದೆ. ಅಂಗಡಿಯ ದಾರಂದ, ಅಂದರೆ ಬಾಗಿಲ ಚೌಕಟ್ಟಿನ ಮೇಲೆ, ಬಸ್ಸಿನ ಕಂಬಿಯ ಹಾಗೆಯೇ ಒಂದು ಗೀಟು ಎಳೆದು ಪಕ್ಕದಲ್ಲಿ 18 ಎಂದು ಬರೆದೆ. ಗೀಟು ಮುಟ್ಟಿದವರು ಒಳಗೆ. ಮುಟ್ಟದವರು ಹೊರಗೆ. ಎಷ್ಟು ಎತ್ತರಕ್ಕೆ ಎಳೆದೆ ಎನ್ನುವುದನ್ನು ಮಾತ್ರ ಯಾರಿಗೂ ಹೇಳಲಿಲ್ಲ.

ಮಕ್ಕಳು ಬಂದರು. ಬಸ್ಸಿನಲ್ಲಿ ಮಂಡಿ ಮಡಚಿದವರೆಲ್ಲ ಈಗ ತುದಿಗಾಲಲ್ಲಿ.

"ನಂಗೆ ಹದ್ನೆಂಟ್ ಆಯ್ತ್."

"ಯಾವಾಗ ಆದ್ದ್ ಮಾರಾಯ?"

"ನಿನ್ನೆ."

"ಹಾಂಗಾರೆ ನಿನ್ನೆ ಹಾಕಿದ ಚಡ್ಡಿಯಲ್ಲೇ ಎಂತಕ್ಕೆ ಬಂದೆ? ಪ್ಯಾಂಟ್ ಹಾಕಂಡ್ ಬಾ."

ಒಬ್ಬನನ್ನೂ ಬಿಡಲಿಲ್ಲ. ಪಾಪ, ಕಿಟಕಿಯ ಸರಳು ಹಿಡಿದು ಗೊಣಗುತ್ತ ನಿಂತರು. ಅಂಗಡಿ ಮಸಣದ ಹಾಗಾಯಿತು. ನಾನು ಒಬ್ಬನೇ ಕೂತು ಸಮಿತಿಗಾಗಿ ಕಾದೆ.

ಸಮಿತಿ ಬಂತು. ಇಸ್ತ್ರಿ ಹಾಕಿದ ಬಿಳಿ ಅಂಗಿಯ ಮೂವರು, ಅವರ ಮುಂದೆ ಭಾವ. ಮೂವರೂ ಉದ್ದಕ್ಕಿದ್ದವರು. ಒಬ್ಬೊಬ್ಬರನ್ನೇ ದಾರಂದಕ್ಕೆ ಬೆನ್ನು ತಾಗಿಸಿ ನಿಲ್ಲಿಸಿ, ನೆತ್ತಿ ನೋಡಿ, ರೈಟ್ ಎಂದು ಒಳಗೆ ಬಿಟ್ಟೆ. ಅವರಿಗೂ ಖುಷಿ. ಆಮೇಲೆ ಭಾವ.

"ನಿಲ್ಲಿ ಭಾವ. ಬೆನ್ನ್ ತಾಗ್ಸಿ ನಿಲ್ಲಿ."

"ನಾನಾ?"

"ಎಲ್ಲರಿಗೂ ಒಂದೇ ಕಾನೂನ್." ನೆತ್ತಿಯ ಮೇಲೆ ಕೈ ಇಟ್ಟು ನೋಡಿದೆ. ನಾಲಿಗೆ ಕಚ್ಚಿಕೊಂಡೆ. "ಅಯ್ಯೋ ದೇವ್ರೇ, ಒಂದ್ ಬೆರಳ್ ಕಮ್ಮಿ! ನಿಮ್ಗೆ ಹದ್ನೆಂಟ್ ಆಯ್ಲಿಲ್ಲೆ ಭಾವ. ಬಪ್ಪ ವರ್ಷ ಬನ್ನಿ."

"ನಂಗೆ ಮೊಮ್ಮಗಳಿತ್ತ್ ಮಾರಾಯ!"

"ಹದ್ನೆಂಟ್ ಆಪುಕ್ ಮುಂಚೆ ಮದ್ವೆ ಆದ್ದ್ ನಿಮ್ಮ ತಪ್ಪ್. ಅದಕ್ಕೆ ನಾನ್ ಎಂತ ಮಾಡುದ್?"

ಕಿಟಕಿಯಲ್ಲಿದ್ದ ಮಕ್ಕಳು ಕಿರುಚಿ ನಕ್ಕರು. ಕಾಯಿರಾಶಿಯ ಮೇಲಿದ್ದ ಮೊಮ್ಮಗಳು ಎಲ್ಲರಿಗಿಂತ ಜೋರಾಗಿ ನಕ್ಕಳು. ಭಾವ ಒಳಗಿನ ಸಮಿತಿಯನ್ನು ಕೂಗಿದರು. ಯಾರು ಬರುತ್ತಾರೆ? ಪರಿಶೀಲನೆಗೆಂದು ನಾನು ಇಸ್ಪೀಟಿನ ಆಟ ಹಾಕಿಕೊಟ್ಟಿದ್ದೆ, ಮೂರು ಎಂದು ಬರೆದದ್ದು, ಪೂರ್ತಿ ಶುದ್ಧ. ಮೂವರೂ ಒಂದೇ ಪರದೆಯ ಮುಂದೆ ತಲೆ ತೂರಿಸಿ, "ಹ್ವಾಯ್, ಆ ಎಲೆ ಬಿಡಿ, ಬಿಡಿ ಅಂದೆ!" ಎಂದು ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು. ಅವರು ಹೊರಗೆ ಬರುವವರೆಗೆ ಅಧ್ಯಕ್ಷರು ತಮ್ಮದೇ ಕೋಣೆಯ ಬಾಗಿಲ ಹೊರಗೆ, ಬಿಸಿಲಿನಲ್ಲಿ.

ನನ್ನ ಜೀವಮಾನದಲ್ಲಿ ಅಷ್ಟು ಒಳ್ಳೆಯ ಕೀಟಲೆ ಇನ್ನೊಂದು ಮಾಡಿಲ್ಲ. ಆದರೆ ಭಾವ ನಗಲಿಲ್ಲ. ಸಮಿತಿಯವರು ಹೋದ ಮೇಲೆ ಮೆಲ್ಲಗೆ ಹೇಳಿದರು. "ಅಂಕ ಮುಗ್ದ್ ಮರ್ದಿನ ಬೆಳಿಗ್ಗೆ ಕೀ ನನ್ನ ಕೈಯಲ್ಲಿ ಇರ್ಕ್. ನಿನ್ನ ಅಕ್ಕ ಹೇಳಿದ್ರೂ ಕೇಂತಿಲ್ಲೆ." ಭಾವ ಕೂಗಾಡಿದರೆ ಹೆದರಬೇಕಿಲ್ಲ. ಮೆಲ್ಲಗೆ ಹೇಳಿದರೆ ಆ ಮಾತು ನಡೆಯುತ್ತದೆ. ನನಗೆ ಗೊತ್ತಿತ್ತು.

ಹೋಗುವುದು ಹೇಗೂ ಹೋಗುತ್ತದೆ, ಸುಮ್ಮನೆ ಯಾಕೆ ಹೋಗಬೇಕು? ಅಂಕದ ದಿನ ಒಂದು ಬಿದಿರಿನ ಗಳ ಕಡಿದು, ಅದೇ ಎತ್ತರಕ್ಕೆ ಕೆಂಪು ಗೀಟು ಹಾಕಿದೆ. ಹಳೆಯ ಖಾಕಿ ಅಂಗಿ ತೊಟ್ಟೆ, ಸೀಟಿ ಕುತ್ತಿಗೆಗೆ ಹಾಕಿದೆ. ಭಾವನ ಗದ್ದೆಗೆ ಇಳಿಯಲು ಇರುವುದು ಒಂದೇ ದಾರಿ. ಅಲ್ಲಿ ಗಳ ನೆಟ್ಟು ನಿಂತೆ.

"ಹ್ವಾಯ್, ಇದೆಂತ? ಅಂಕಕ್ಕೂ ಟಿಕೆಟಾ?"

"ಟಿಕೆಟ್ ಇಲ್ಲೆ, ವಯಸ್ಸ್. ಒಳ್ಗೆ ಕತ್ತಿ ಇತ್ತ್, ರಕ್ತ ಇತ್ತ್, ಬಾಜಿ ಇತ್ತ್. ಹದ್ನೆಂಟ್ ಆದವ್ರಿಗೆ ಮಾತ್ರ. ಮಕ್ಳ್ ಬದಿಗೆ ನಿಲ್ಲಿ."

ಜನ ಮೊದಲು ನಕ್ಕರು. ಮಕ್ಕಳನ್ನು ಕೈ ಹಿಡಿದು ತಂದ ಅಪ್ಪಂದಿರು ಮಾತ್ರ ಸ್ವಲ್ಪ ಹೊತ್ತಿಗೆ ಗುರುಗುಟ್ಟಲು ಶುರು ಮಾಡಿದರು. ಬಿಳಿ ಅಂಗಿಯ ಸಮಿತಿಯವರಲ್ಲಿ ಒಬ್ಬರು ಕಂಕುಳಲ್ಲಿ ಹುಂಜ ಹಿಡಿದು ಬಂದಿದ್ದರು. ಅಂಗಿ ಮಾತ್ರ ಆ ದಿನ ಬಿಳಿಯದ್ದಲ್ಲ, ರಕ್ತ ಕಾಣಬಾರದಲ್ಲ. "ಸಂಪ್ರದಾಯಕ್ಕೆ ಅಡ್ಡ ಬರೂಕಾಗ" ಎಂದು ನನಗೆ ಉಪದೇಶ ಮಾಡಿದರು. "ನೀವ್ ಹೋಯಿ ಮಾರಾಯ್ರೆ, ನಿಮ್ಗೂ ನಿಮ್ಮ ಹುಂಜಕ್ಕೂ ಹದ್ನೆಂಟ್ ಆಯ್ತ್" ಎಂದೆ.

ಆಮೇಲೆ ಭಾವ ಬಂದರು. ಜೊತೆಗೆ ಮೊಮ್ಮಗಳು, ಅವಳ ಕೈಯಲ್ಲಿ ಹುಂಜ. ಮರಿಯಿಂದ ಅವಳೇ ಸಾಕಿದ್ದು. ಅವಳ ತಟ್ಟೆಯ ಅನ್ನವೇ ತಿಂದು ಬೆಳೆದದ್ದು. ಬೇರೆ ಯಾರು ಮುಟ್ಟಿದರೂ ಹರಿದು ಹಾಕುತ್ತಿತ್ತು, ಅವಳ ಕೈಯಲ್ಲಿ ಮಾತ್ರ ಬೆಣ್ಣೆ. ಕಾಲಿಗೆ ಕತ್ತಿ ಕಟ್ಟುವಾಗ ಹುಂಜ ಕದಲಬಾರದು. ಹಾಗಾಗಿ ಅವಳು ಒಳಗೆ ಬರಲೇಬೇಕು. ಭಾವ ಆ ಹುಂಜದ ಬಗ್ಗೆ ಆಚೆ ಶಂಕರನಾರಾಯಣ ಪೇಟೆಯವರೆಗೂ ಬಡಾಯಿ ಕೊಚ್ಚಿ ಬಂದಿದ್ದರು.

ನಾನು ಸೀಟಿ ಊದಿದೆ. "ಭಾವ, ನಿಮ್ಮ ಗದ್ದೆ, ನಿಮ್ಮನ್ನ ಬಿಡ್ತೆ. ಈ ಹೆಣ್ಣ್ ಮಾತ್ರ ಒಳ್ಗೆ ಬಪ್ಪುಕಾಗ. ರಕ್ತ ಕಂಡ್ರೆ ಮಕ್ಳ ಮನ್ಸ್ ಹಾಳಾತ್ತ್ ಅಂಬ್ರ್."

ಭಾವ ಹುಂಜಕ್ಕೆ ಕೈ ಹಾಕಿದರು. ಅದು ಒಂದೇ ಏಟಿಗೆ ಅವರ ಅಂಗಿಯ ತೋಳನ್ನು ಹರಿದುಹಾಕಿತು. ಹಿಂದೆ ಸರಿದರು. ನನ್ನ ಮುಖ ನೋಡಿದರು, ಗಳ ನೋಡಿದರು, ಕೆಂಪು ಗೀಟು ನೋಡಿದರು. ನಾನು ಗೆದ್ದೆ ಎಂದು ಮೀಸೆ ತಿರುವಿದೆ.

ಆಗ ಆ ಮನುಷ್ಯ ಗದ್ದೆಯಲ್ಲಿ ಮಂಡಿಯೂರಿ ಕೂತರು. "ಹತ್ತ್ ಮಗಾ." ಮೊಮ್ಮಗಳು ಹುಂಜದ ಸಮೇತ ಹೆಗಲ ಮೇಲೆ ಹತ್ತಿದಳು. ಭಾವ ಎದ್ದು, ಗಳಕ್ಕೆ ಬೆನ್ನು ತಾಗಿಸಿ ಸೆಟೆದು ನಿಂತರು. ಅವಳ ತಲೆ ಗೀಟಿಗಿಂತ ಎಷ್ಟೋ ಮೇಲೆ, ಹುಂಜದ ಜುಟ್ಟು ಅದಕ್ಕಿಂತ ಮೇಲೆ.

"ಈಗ ಅಳ್ತೆ ಮಾಡ್ ಕಂಡಕ್ಟ್ರೇ. ನಂದೂ ಅದ್ರದ್ದೂ ಒಟ್ಟಿಗೆ."

ಜನ ಕೇಕೆ ಹಾಕಿದರು. ನಾನು ಏನು ಮಾಡಲಿ? ಗೀಟು ನನ್ನದು. ನನ್ನ ಸರ್ವೀಸಿನಲ್ಲಿ ತಲೆ ಒತ್ತಿ ಗೀಟು ದಾಟಿಸಿದವರನ್ನು ಕಂಡಿದ್ದೆ, ಹೆಗಲು ಕೊಟ್ಟು ದಾಟಿಸಿದವನು ಇವನೊಬ್ಬನೇ. ಸೀಟಿ ಊದಿ "ರೈಟ್, ಹೋಪ!" ಎಂದೆ. ಅಷ್ಟೇ ತಡ, ಬದಿಗೆ ನಿಂತಿದ್ದ ಮಕ್ಕಳೆಲ್ಲ ಅಪ್ಪಂದಿರ ಹೆಗಲೇರಿದರು. ನನ್ನ ಮುಂದೆಯೇ ಹದಿನೆಂಟಾಗಿ ಹದಿನೆಂಟಾಗಿ ಒಳಗೆ ಹೋದರು.

ಹುಂಜಗಳ ಜಗಳ ಬೇಗ ಮುಗಿಯಿತು. ಅಂಕ ಹಾಗೆಯೇ. ಎರಡು ಸಲ ಹಾರಿದವು, ಮೂರನೆಯದಕ್ಕೆ ಒಂದು ನೆಲದಲ್ಲಿತ್ತು. ಅದು ನಮ್ಮ ಹುಡುಗಿಯದ್ದು. ಅವಳು ಇನ್ನೂ ಅಜ್ಜನ ಹೆಗಲ ಮೇಲೆಯೇ ಇದ್ದಳು. ಅಳಲಿಲ್ಲ. ಕಾದಳು.

"ಅಜ್ಜಯ್ಯ, ಅದ್ ಏಳ್ತಿಲ್ಲೆ."

"ಇನ್ನ್ ಏಳುದಿಲ್ಲೆ ಮಗಾ."

"ಕಂಡಕ್ಟ್ರಜ್ಜನ ಅಂಗ್ಡಿಯಲ್ಲಿ ಸತ್ತವ್ರ್ ಏಳ್ತ್ರಲ್ಲ?"

ಸೋತ ಹುಂಜ ಗೆದ್ದವನ ಪಾಲು, ಅದು ಅಂಕದ ನಿಯಮ. ಗೆದ್ದವರು ನನಗೆ ಉಪದೇಶ ಮಾಡಿದ ಸಮಿತಿಯವರೇ. ಕಾಲು ಹಿಡಿದು ತಲೆಕೆಳಗಾಗಿ ನೇತಾಡಿಸಿಕೊಂಡು, ಸಂಜೆಯ ಸಾರಿಗೆ ಕಾಯಿ ಎಷ್ಟು ಬೇಕು ಎಂದು ಯಾರ ಹತ್ತಿರವೋ ಮಾತಾಡುತ್ತ ಹೋದರು. ಹುಡುಗಿ ತಿರುಗಿ ತಿರುಗಿ, ಅದು ಕಾಣುವಷ್ಟು ದೂರ ನೋಡಿದಳು.

ಮರುದಿನ ಬೆಳಿಗ್ಗೆ ಕೀ ಕೊಡಲೆಂದೇ ಅಂಗಡಿ ತೆರೆದೆ. ನಾಲ್ಕು ಕಂಪ್ಯೂಟರಿಗೂ ಬಟ್ಟೆ ಮುಚ್ಚಿದ್ದೆ. ಹೊರಗೆ ಗದ್ದಲ. ನೋಡಿದರೆ ಮಕ್ಕಳ ಸಾಲು. ಒಬ್ಬನ ಹೆಗಲ ಮೇಲೆ ಒಬ್ಬ, ಜೋಡಿ ಜೋಡಿಯಾಗಿ, ಮೇಲಿನವನ ತಲೆ ದಾರಂದದ ಪಟ್ಟಿಗೆ ತಾಗುವಷ್ಟು ಎತ್ತರಕ್ಕೆ. ಕೆಳಗಿನವರ ಮುಖ ಕೆಂಪಾಗಿತ್ತು, ಆದರೂ ಹಲ್ಲು ಕಿರಿಯುತ್ತಿದ್ದರು.

"ಅಳ್ತೆ ಮಾಡಿ ಕಂಡಕ್ಟ್ರೇ! ಒಟ್ಟಿಗೆ ಮಾಡಿ!"

ಸಾಲಿನ ಕೊನೆಯಲ್ಲಿ ಭಾವ. ಹೆಗಲ ಮೇಲೆ ಮೊಮ್ಮಗಳು. ನಾನು ಕೀಯನ್ನು ಕಿಸೆಯಿಂದ ತೆಗೆದು ಬೆರಳಿಗೆ ಸಿಕ್ಕಿಸಿ ತಿರುಗಿಸಿದೆ. ಕೊಡುವುದಾದರೆ ಸ್ಟೈಲಾಗಿ ಕೊಡಬೇಕು. ಮಕ್ಕಳು ದಾರಿ ಬಿಟ್ಟರು. ಭಾವ ದಾರಂದದ ಹತ್ತಿರ ಬಂದು, ಹೇಳಿಸಿಕೊಳ್ಳದೆ ಬೆನ್ನು ತಾಗಿಸಿ ನಿಂತರು. ನಾನು ಮೇಲೆ ನೋಡಿದೆ. ಹುಡುಗಿಯ ಕಣ್ಣು ಬಾತಿತ್ತು.

"ನಿನ್ನೆಯಿಂದ ಉಣ್ಲಿಲ್ಲೆ ಅದ್" ಎಂದರು ಭಾವ, ನನ್ನ ಕಡೆ ನೋಡದೆ. "ಆ ಆಟ ಹಾಕ್."

"ಯಾವ್ದ್ ಭಾವ? ಮೂರ್ ಅಂತ್ ಬರ್ದದ್ದಾ?"

"ಅಲ್ಲ ಮಾರಾಯ. ಸತ್ತವ್ರ್ ಏಳ್ತ್ರ್ ಅಲ್ದಾ, ಅದ್."

ಬಟ್ಟೆ ತೆಗೆದು ಸಿಡಿ ಹಾಕಿದೆ. ಹದಿನೆಂಟರದ್ದೇ. ಭಾವ ಮೊಮ್ಮಗಳನ್ನು ಕುರ್ಚಿಯಲ್ಲಿ ಇಳಿಸಿ ಪಕ್ಕದಲ್ಲಿ ನಿಂತರು. ಮೊದಲ ಸಲ ಆಡುವವಳು, ಗುಂಡಿ ಯಾವುದು ಎಂದೂ ಗೊತ್ತಿಲ್ಲ. ರೌಡಿ ಬಂದು ಒಂದೇ ಏಟಿಗೆ ಅವಳ ಆಳನ್ನು ತಿವಿದ. ರಕ್ತ ಪರದೆಗೆ ಹಾರಿತು. ಆಳು ಮಗುಚಿ ಬಿದ್ದ. ಕಿಟಕಿ, ಬಾಗಿಲು ತುಂಬ ಮಕ್ಕಳ ತಲೆ.

ನಾನು ಕೀಯನ್ನು ಭಾವನ ಮೂಗಿನ ಮುಂದೆ ಹಿಡಿದೆ. "ತಕಣಿ ಭಾವ. ಅಂಕ ಮುಗ್ದ್ ಮರ್ದಿನ."

ಭಾವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ನನ್ನ ಕೈಯನ್ನು ನೊಣ ಓಡಿಸಿದ ಹಾಗೆ ಪಕ್ಕಕ್ಕೆ ತಳ್ಳಿದರು.

"ಸುಮ್ನಿರ್ ಮಾರಾಯ" ಎಂದರು. "ಮೊದ್ಲ್ ಅಂವ ಏಳ್ಲಿ."